ಪಲೆರ್ಮೊಗೆ ಹಡಗಲ್ಲಿ ಹೋಗಿ, ರೈಲಲ್ಲಿ ಬನ್ನಿ

ಇಟಲಿಗೆ ಹೋದವರು ರೋಮ್, ವೆನಿಸ್ ನೋಡಿ ವಾಪಸ್ ಬರುವುದೇ ಜಾಸ್ತಿ. ಇನ್ನೆರಡು ಮೂರು ದಿನ ಕೈಯಲ್ಲಿದ್ದರೆ ಸಿಸಿಲಿಗೆ ಹೋಗಿ ಬನ್ನಿ. ಮೆಡಿಟರೇನಿಯನ್ ಸಮುದ್ರದ ಅತಿ ದೊಡ್ಡ ದ್ವೀಪ ಅದು. ಅದರ ರಾಜಧಾನಿ ಪಲೆರ್ಮೊ. ರೋಮ್‌ನಿಂದ ವಿಮಾನದಲ್ಲಿ ಸುಮಾರು ಒಂದು ಗಂಟೆಯ ದಾರಿ, ನಿಜ. ಆದರೆ ವಿಮಾನ ನಿಮ್ಮನ್ನು ಇಳಿಸುವುದು ಊರಿಂದ ಸುಮಾರು 35 ಕಿ.ಮೀ. ಆಚೆ. ಹಡಗಾದರೆ ನೇರ ಊರೊಳಗೇ ತಂದು ಬಿಡುತ್ತದೆ.

ನೆಲ ಮತ್ತು ನೀರಿನ ಮೇಲೆ ಹೋಗಲು ಮುಖ್ಯವಾಗಿ ಎರಡು ದಾರಿ. ನೇಪಲ್ಸ್‌ವರೆಗೆ ರೈಲಲ್ಲಿ ಹೋಗಿ, ಅಲ್ಲಿಂದ ರಾತ್ರಿ ಹಡಗು ಹಿಡಿಯುವುದು ಒಂದು. ರೋಮ್‌ನಲ್ಲಿ ಹತ್ತಿದ ರೈಲಿನಲ್ಲೇ ಪಲೆರ್ಮೊವರೆಗೆ ಕೂತು ಹೋಗುವುದು ಇನ್ನೊಂದು. ನಡುವೆ ಸಮುದ್ರ ಬಂದಾಗ ರೈಲನ್ನೇ ಹಡಗಿಗೆ ಹತ್ತಿಸುತ್ತಾರೆ! ನನ್ನ ಸಲಹೆ ಇಷ್ಟು: ಹೋಗುವಾಗ ರಾತ್ರಿ ಹಡಗು, ಬರುವಾಗ ಹಗಲಿನ ರೈಲು. ಒಂದರಲ್ಲಿ ಮಲಗಿ ಹೋಗಬಹುದು, ಇನ್ನೊಂದರಲ್ಲಿ ನೋಡುತ್ತಾ ಬರಬಹುದು. ಒಂದು ರಾತ್ರಿಯ ಹೋಟೆಲ್ ಬಾಡಿಗೆಯೂ ಉಳಿಯುತ್ತದೆ.

ಇಟಲಿಗೆಂದು ಪಡೆದ ಷೆಂಗೆನ್ ವೀಸಾ ಸಿಸಿಲಿಗೂ ಸಾಕು. ಹಡಗು ಹತ್ತುವಾಗ ಗುರುತಿಗೆ ಪಾಸ್‌ಪೋರ್ಟ್ ಕೇಳುತ್ತಾರೆ. ಅದನ್ನು ದೊಡ್ಡ ಸೂಟ್‌ಕೇಸಿನ ತಳದಲ್ಲಿ ಇಡಬೇಡಿ.

ಹಡಗಿನ ಟಿಕೆಟ್ ಮೊದಲು, ರೈಲಿನದ್ದು ಆಮೇಲೆ

ರೋಮ್‌ನಿಂದ ನೇಪಲ್ಸ್‌ಗೆ ದಿನವಿಡೀ ರೈಲುಗಳಿವೆ. ಹಡಗು ಹಾಗಲ್ಲ. ಸಾಮಾನ್ಯವಾಗಿ ರಾತ್ರಿ 8ರ ಆಸುಪಾಸಿಗೆ ಹೊರಟು, ಹತ್ತು ಹನ್ನೊಂದು ಗಂಟೆ ಸಾಗಿ, ಬೆಳಗ್ಗೆ ಪಲೆರ್ಮೊ ಸೇರುತ್ತದೆ. ತಪ್ಪಿದರೆ ಮರುದಿನವೇ. ಹಾಗಾಗಿ ಹಡಗನ್ನು ಮೊದಲು ಗೊತ್ತು ಮಾಡಿ, ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿ. ಜಿ.ಎನ್.ವಿ. ಮತ್ತು ತಿರ್ರೇನಿಯಾ ಈ ಮಾರ್ಗದ ಹಳೆಯ ಹಡಗು ಕಂಪನಿಗಳು. ಇಬ್ಬರ ದರವನ್ನೂ ನೋಡಿ. ಆಗಸ್ಟ್ 15ರ ಸುತ್ತಮುತ್ತ ಇಟಲಿಗೆ ಇಟಲಿಯೇ ರಜೆ ಮೇಲಿರುತ್ತದೆ. ಜುಲೈ 14ರ ರಾತ್ರಿ ಪಲೆರ್ಮೊದಲ್ಲಿ ಸಂತ ರೊಸಾಲಿಯಾಳ ದೊಡ್ಡ ಉತ್ಸವ. ಈ ದಿನಗಳಲ್ಲಿ ಹೋಗುವುದಾದರೆ ತಿಂಗಳುಗಳ ಮೊದಲೇ ಬುಕ್ ಮಾಡಿ.

ಟಿಕೆಟ್‌ನಲ್ಲಿ ಮೂರು ಬಗೆ. ‘ಪಸ್ಸಾಜ್ಜೊ ಪೊಂತೆ’ ಎಂದರೆ ಹಡಗಿನೊಳಗೆ ಪ್ರವೇಶ ಮಾತ್ರ, ಗೊತ್ತಾದ ಸೀಟು ಇರುವುದಿಲ್ಲ. ‘ಪೊಲ್ತ್ರೋನಾ’ ಎಂದರೆ ಹಿಂದಕ್ಕೆ ಒರಗುವ ಕುರ್ಚಿ. ಮೂರನೆಯದು ಕ್ಯಾಬಿನ್. ಹಾಸಿಗೆ, ಸ್ನಾನದ ಮನೆ ಎರಡೂ ಇರುತ್ತವೆ. ವಯಸ್ಸಾದವರು, ಮಕ್ಕಳು ಜೊತೆಗಿದ್ದರೆ ಕ್ಯಾಬಿನ್ನೇ ತೆಗೆದುಕೊಳ್ಳಿ, ಇದರಲ್ಲಿ ಉಳಿತಾಯ ನೋಡಬೇಡಿ. ಕಿಟಕಿ ಇಲ್ಲದ ಒಳಗಿನ ಕ್ಯಾಬಿನ್‌ಗೆ ದರ ಕಡಿಮೆ. ರಾತ್ರಿ ಹೇಗೂ ಹೊರಗೆ ಕತ್ತಲೆ, ಕಿಟಕಿ ಇದ್ದರೂ ಏನು ಕಾಣುತ್ತೆ ಅಲ್ವಾ? ಹೊಟ್ಟೆ ತೊಳಸುವವರು ಹಡಗಿನ ನಡುಭಾಗದ, ಕೆಳ ಅಂತಸ್ತಿನ ಕ್ಯಾಬಿನ್ ಕೇಳಿ. ಅಲ್ಲಿ ತೂಗಾಟ ಕಡಿಮೆ. ವಾಂತಿಯ ಮಾತ್ರೆಯನ್ನು ಹಡಗು ಹೊರಡುವ ಮೊದಲೇ ನುಂಗಬೇಕು, ತಲೆ ತಿರುಗಲು ಶುರುವಾದ ಮೇಲಲ್ಲ.

ಜರ್ಮನಿ, ಸ್ವಿಟ್ಜರ್ಲೆಂಡ್ ಕಡೆಯಿಂದ ಬರುವ ನಮ್ಮವರಿಗೆ ಜಿನೋವಾದಿಂದಲೂ ಹಡಗು ಇದೆ. ಸುಮಾರು 20 ಗಂಟೆಯ ಪ್ರಯಾಣ.

ರೋಮ್‌ನಿಂದ ನೇಪಲ್ಸ್ ಬಂದರಿಗೆ

ರೋಮ್‌ನ ತೆರ್ಮಿನಿ ನಿಲ್ದಾಣದಿಂದ ವೇಗದ ರೈಲುಗಳಾದ ಫ್ರೆಚ್ಚರೊಸ್ಸ, ಇತಾಲೊ ಹತ್ತಿದರೆ ಒಂದು ಗಂಟೆ ಹತ್ತು ನಿಮಿಷದ ಆಸುಪಾಸು. ಪ್ರಾದೇಶಿಕ ರೈಲು ನಿಧಾನ, ಆದರೆ ಅಗ್ಗ. ಪ್ರಾದೇಶಿಕ ರೈಲಿಗೆ ಕಾಗದದ ಟಿಕೆಟ್ ಕೊಂಡರೆ ಪ್ಲಾಟ್‌ಫಾರ್ಮಿನ ಪುಟ್ಟ ಯಂತ್ರದಲ್ಲಿ ಮುದ್ರೆ ಹಾಕಿಸಿಕೊಂಡೇ ಹತ್ತಿ. ಇಲ್ಲದಿದ್ದರೆ ಕೈಯಲ್ಲಿ ಟಿಕೆಟ್ ಇದ್ದರೂ ದಂಡ ಕಟ್ಟಬೇಕಾಗುತ್ತದೆ. ನಿಲ್ದಾಣದ ಫಲಕದಲ್ಲಿ ನೇಪಲ್ಸ್ ಎಂದು ಹುಡುಕಬೇಡಿ. ಅಲ್ಲಿ ಬರೆದಿರುವುದು ‘ನಾಪೊಲಿ ಚೆಂತ್ರಾಲೆ’.

ಮಧ್ಯಾಹ್ನ ನಾಲ್ಕರೊಳಗೆ ನೇಪಲ್ಸ್ ಸೇರುವ ರೈಲು ಆರಿಸಿ. ರೈಲಿನ ಟಿಕೆಟ್ ಬೇರೆ, ಹಡಗಿನ ಟಿಕೆಟ್ ಬೇರೆ. ರೈಲು ತಡವಾಯಿತು ಎಂದು ಹಡಗು ಕಾಯುವುದಿಲ್ಲ.

ಬಂದರಿನಲ್ಲಿ ಒಂದು ವಿಷಯ ಗಮನಿಸಿ. ನಿಲ್ದಾಣದ ಕೆಳಗೇ ಇರುವ ಗರಿಬಾಲ್ದಿ ಮೆಟ್ರೊದಿಂದ ಒಂದನೇ ಲೈನ್ ಹಿಡಿದು ಮುನಿಚೀಪಿಯೊದಲ್ಲಿ ಇಳಿದರೆ ಎದುರಿಗೇ ಬೆವೆರೆಲ್ಲೊ ಕಟ್ಟೆ. ಅದು ಕಾಪ್ರಿ, ಇಸ್ಕಿಯಾ ದ್ವೀಪಗಳ ವೇಗದ ದೋಣಿಗಳ ಜಾಗ. ಪಲೆರ್ಮೊಗೆ ಹೋಗುವ ದೊಡ್ಡ ಹಡಗು ಅಲ್ಲಿ ನಿಲ್ಲುವುದಿಲ್ಲ. ಬಂದರು ಉದ್ದಕ್ಕೆ ಹರಡಿಕೊಂಡಿದೆ, ಸೂಟ್‌ಕೇಸ್ ಎಳೆಯುತ್ತಾ ಹುಡುಕುವುದು ಸುಸ್ತು. ಹಡಗಿನ ಟಿಕೆಟ್‌ನಲ್ಲಿ ಕಟ್ಟೆಯ ಹೆಸರು ಇರುತ್ತದೆ. ಸಾಮಾನು ಜಾಸ್ತಿ ಇದ್ದರೆ ಆ ಹೆಸರು ತೋರಿಸಿ ಟ್ಯಾಕ್ಸಿ ಹಿಡಿಯಿರಿ. ನಿಗದಿ ದರ ಬೇಕು ಎಂದು ಹೊರಡುವ ಮೊದಲೇ ಹೇಳಿ. ಹಡಗು ಹೊರಡುವ ಎರಡು ಗಂಟೆ ಮೊದಲು ಕಟ್ಟೆಯಲ್ಲಿದ್ದರೆ ಗಡಿಬಿಡಿ ಇಲ್ಲ.

ಹತ್ತುವ ಮೊದಲು ಊಟ ಮುಗಿಸಿ. ಹಡಗಿನಲ್ಲಿ ಕ್ಯಾಂಟೀನ್ ಇದ್ದರೂ ಸಸ್ಯಾಹಾರಿಗಳಿಗೆ ಹೆಚ್ಚು ಆಯ್ಕೆ ಸಿಗುವುದು ಕಷ್ಟ. ನೇಪಲ್ಸ್ ಪಿಜ್ಜಾದ ಊರು. ‘ಮರಿನಾರಾ’ ಪಿಜ್ಜಾದಲ್ಲಿ ಟೊಮ್ಯಾಟೊ, ಬೆಳ್ಳುಳ್ಳಿ, ಒರೆಗಾನೊ, ಎಣ್ಣೆ ಅಷ್ಟೇ.

ಹಡಗು ಹೊರಡುವಾಗ ಕ್ಯಾಬಿನ್ ಸೇರಿಕೊಳ್ಳಬೇಡಿ. ಡೆಕ್ ಮೇಲೆ ಹೋಗಿ ನಿಲ್ಲಿ. ಬೇಸಿಗೆಯಲ್ಲಾದರೆ ಇನ್ನೂ ಬೆಳಕಿರುತ್ತದೆ, ಊರಿನ ಹಿಂದೆ ವೆಸೂವಿಯಸ್ ಜ್ವಾಲಾಮುಖಿ ಪೂರ್ತಿ ಕಾಣುತ್ತದೆ. ಆಮೇಲೆ ಫೋನನ್ನು ಏರ್‌ಪ್ಲೇನ್ ಮೋಡ್‌ಗೆ ಹಾಕಿ. ನಡು ಸಮುದ್ರದಲ್ಲಿ ಅದು ಹಡಗಿನ ಉಪಗ್ರಹ ಜಾಲ ಹಿಡಿದುಬಿಟ್ಟರೆ ರೋಮಿಂಗ್ ಬಿಲ್ ಸಿಕ್ಕಾಪಟ್ಟೆ ಬರುತ್ತದೆ.

ಇಳಿದ ಮೇಲೆ

ಹಡಗು ಬಂದರು ಹೊಗುವಾಗ ಬಲಗಡೆ ಸುಮಾರು 600 ಮೀಟರ್ ಎತ್ತರದ ಪೆಲ್ಲೆಗ್ರೀನೊ ಬೆಟ್ಟ ಎದ್ದು ಕಾಣುತ್ತದೆ. ಬಂದರಿನ ಎದುರು ಎಮೆರಿಕೊ ಅಮಾರಿ ಬೀದಿ ಹಿಡಿದು ನಡೆದರೆ ಕಾಲು ಗಂಟೆಯಲ್ಲಿ ಪೊಲಿತೆಯಾಮ ರಂಗಮಂದಿರ, ಅಂದರೆ ಊರಿನ ನಡುಭಾಗ. ಅಷ್ಟು ಬೆಳಗ್ಗೆ ಹೋಟೆಲ್ ಕೋಣೆ ಸಿಗುವುದಿಲ್ಲ. ಸಾಮಾನು ಇಟ್ಟುಕೊಳ್ಳುತ್ತೀರಾ ಎಂದು ಮೊದಲೇ ಬರೆದು ಕೇಳಿ.

ನಂತರ ನೇರ ಬಲ್ಲಾರೊ ಸಂತೆಗೆ ಹೋಗಿ. ಅಲ್ಲಿ ಸಿಗುವ ‘ಪನೆಲ್ಲೆ’ ತಿನ್ನದೆ ಬರಬೇಡಿ. ಅದು ಕಡಲೆ ಹಿಟ್ಟಿನದ್ದು! ಹಿಟ್ಟನ್ನು ನೀರಲ್ಲಿ ಗಟ್ಟಿಯಾಗಿ ಬೇಯಿಸಿ, ತೆಳ್ಳಗೆ ಹರಡಿ, ತುಂಡು ಮಾಡಿ ಎಣ್ಣೆಯಲ್ಲಿ ಕರಿದು ಬ್ರೆಡ್ಡಿನ ನಡುವೆ ಇಟ್ಟು ಕೊಡುತ್ತಾರೆ. ಹಸಿಮೆಣಸು ಇಲ್ಲದ ಬಜ್ಜಿಯ ಹಾಗೆ. ‘ಸ್ಫಿಂಚೋನೆ’ ಎಂಬ ದಪ್ಪ ಪಿಜ್ಜಾದಲ್ಲಿ ಮಾತ್ರ ಸಣ್ಣ ಮೀನು ಇರುತ್ತದೆ. ಸಸ್ಯಾಹಾರಿಗಳು ಕೇಳಿಯೇ ತಿನ್ನಿ. ಸಂತೆಯಿಂದ ನಡೆದು ಹೋಗುವಷ್ಟು ದೂರದಲ್ಲೇ 12ನೇ ಶತಮಾನದ ಪಲಾಟಿನ್ ಚಾಪೆಲ್ ಇದೆ. ಬಂಗಾರದ ಹಿನ್ನೆಲೆಯ ಕ್ರೈಸ್ತ ಚಿತ್ರಗಳ ಮೇಲೆ ಅರಬ್ ಶೈಲಿಯ ಮರದ ಚಾವಣಿ ಇರುವ ಈ ಒಂದು ಕಟ್ಟಡಕ್ಕಾಗಿಯೇ ಸಿಸಿಲಿಗೆ ಹೋಗಬಹುದು.

ರೈಲನ್ನು ಹೊತ್ತ ಹಡಗು

ವಾಪಸ್ ಬರುವಾಗ ಪಲೆರ್ಮೊದಿಂದ ರೋಮ್‌ಗೆ ಬೆಳಗ್ಗೆ ಹೊರಡುವ ಇಂಟರ್‌ಸಿಟಿ ರೈಲು ಹಿಡಿಯಿರಿ. ಸುಮಾರು 12 ಗಂಟೆ ಹಿಡಿಯುತ್ತದೆ. ಮೊದಲ ಭಾಗ ಪೂರ್ತಿ ಕರಾವಳಿ. ಸಮುದ್ರ ಇರುವುದು ರೈಲು ಸಾಗುವ ದಿಕ್ಕಿಗೆ ಎಡಗಡೆ.

ಸಿಸಿಲಿಯ ತುದಿಯ ಬಂದರು ಊರಾದ ಮೆಸ್ಸೀನಾದಲ್ಲಿ ರೈಲನ್ನು ತುಂಡು ಮಾಡುತ್ತಾರೆ. ಹಡಗಿನ ಹೊಟ್ಟೆಯೊಳಗೆ ಅಕ್ಕಪಕ್ಕದಲ್ಲೇ ಹಳಿಗಳಿವೆ. ನಾಲ್ಕೈದು ಡಬ್ಬಿಗಳನ್ನು ಒಂದು ಹಳಿಗೆ ತಳ್ಳಿ, ಉಳಿದವನ್ನು ಪಕ್ಕದ ಹಳಿಗೆ ತಳ್ಳುತ್ತಾರೆ. 1899ರಿಂದ ಇಲ್ಲಿ ರೈಲುಗಳು ಹೀಗೇ ಸಮುದ್ರ ದಾಟುತ್ತಿವೆ. ಜಲಸಂಧಿ ಅತಿ ಕಿರಿದಾದಲ್ಲಿ ಸುಮಾರು 3 ಕಿ.ಮೀ. ಅಷ್ಟೇ. ಹಡಗು ಸಾಗುವುದು ಅರ್ಧ ಗಂಟೆ. ಆದರೆ ಬಿಚ್ಚುವುದು, ಹತ್ತಿಸುವುದು, ಆಚೆ ದಡದ ವಿಲ್ಲಾ ಸಾನ್ ಜೊವಾನ್ನಿಯಲ್ಲಿ ಮತ್ತೆ ಜೋಡಿಸುವುದು ಸೇರಿ ಎರಡು ಗಂಟೆಯಾದರೂ ಆಗುತ್ತದೆ. ಇಲ್ಲಿ ಎರಡು ಗೋಪುರಗಳ ನಡುವೆಯೇ 3,300 ಮೀಟರ್ ಅಂತರವಿರುವ ತೂಗುಸೇತುವೆ ಕಟ್ಟುವ ಯೋಜನೆ ಇದೆ. ಸೇತುವೆ ಬರುವ ಮೊದಲೇ ಇದನ್ನು ನೋಡಿಬಿಡಿ.

ಹಡಗಿನಲ್ಲಿರುವಾಗ ರೈಲಿಂದ ಇಳಿದು ಮೇಲಿನ ಡೆಕ್‌ಗೆ ಹೋಗಬಹುದೇ ಎಂದು ರೈಲು ಸಿಬ್ಬಂದಿಯನ್ನು ಕೇಳಿ. ಬಿಟ್ಟರೆ ಪಾಸ್‌ಪೋರ್ಟ್, ದುಡ್ಡು ಮೈಮೇಲೇ ಇಟ್ಟುಕೊಂಡು ಹೋಗಿ. ನಿಮ್ಮ ಡಬ್ಬಿಯ ಸಂಖ್ಯೆ ನೆನಪಿರಲಿ. ಇಳಿಯುವ ಸೂಚನೆ ಬಂದ ಕೂಡಲೇ ಕೆಳಗೆ ಬನ್ನಿ. ಹಳಿ ಕೆಲಸ ಅಥವಾ ಜೋರು ಗಾಳಿಯಿಂದ ರೈಲು ಹತ್ತಿಸುವುದು ನಿಂತಿದ್ದರೂ ದಾರಿ ಮುಚ್ಚುವುದಿಲ್ಲ. ಪ್ರಯಾಣಿಕರ ದೋಣಿಗಳು ನಡೆಯುತ್ತಿದ್ದರೆ ಅದರಲ್ಲಿ ಆಚೆ ದಾಟಿ, ವಿಲ್ಲಾದಿಂದ ಬೇರೆ ರೈಲು ಹಿಡಿಯಬಹುದು. ವಿಲ್ಲಾದ ನಿಲ್ದಾಣ ಬಂದರಿಗೆ ಅಂಟಿಕೊಂಡೇ ಇದೆ.

ಇಷ್ಟು ಉದ್ದದ ದಾರಿಯಲ್ಲಿ ರೈಲು ತಡವಾಗುವುದು ಇದ್ದದ್ದೇ. ಅದೇ ರಾತ್ರಿ ರೋಮ್‌ನಿಂದ ಭಾರತಕ್ಕೆ ವಿಮಾನ ಇಟ್ಟುಕೊಳ್ಳಬೇಡಿ. ಒಂದು ರಾತ್ರಿ ತೆರ್ಮಿನಿ ಬಳಿ ಉಳಿದು, ಮರುದಿನದ ವಿಮಾನಕ್ಕೆ ಟಿಕೆಟ್ ಮಾಡಿಸಿ.