ಮ್ಯಾಕ್ರೋದಲ್ಲಿ ಕೀಟದ ಕಣ್ಣು ಮಸುಕಾಗುತ್ತಿತ್ತು, ಸರಿಹೋದದ್ದು ಹೀಗೆ

100 ಎಂಎಂ ಮ್ಯಾಕ್ರೋ ಲೆನ್ಸ್‌ನಲ್ಲಿ 1:1ಕ್ಕೆ, ಅಂದರೆ ಕೀಟ ಸೆನ್ಸರ್ ಮೇಲೆ ತನ್ನ ನಿಜ ಗಾತ್ರದಲ್ಲೇ ಬೀಳುವಷ್ಟು ಹತ್ತಿರ, ಹೋದರೆ ಸಾಕು, ಜೇಡವಿರಲಿ ನೊಣವಿರಲಿ, ಕಣ್ಣು ಮಸುಕು. ಕೆಲವೊಮ್ಮೆ ಇಡೀ ಫೋಟೋಗೇ ಪೊರೆ ಕಟ್ಟಿದ ಹಾಗೆ.

ಹೆಚ್ಚು ಭಾಗ ಫೋಕಸ್‌ಗೆ ಬರಲಿ ಎಂದು ಲೆನ್ಸಿನ ಕಿಂಡಿ ಸಣ್ಣ ಮಾಡಿ ಎಫ್ 22 ಇಟ್ಟೆ (ಎಫ್ ಸಂಖ್ಯೆ ಹೆಚ್ಚಿದಷ್ಟೂ ಕಿಂಡಿ ಸಣ್ಣದು). ಮಸುಕು ಜಾಸ್ತಿಯಾಯಿತು. 1:1ರಲ್ಲಿ ಎಫ್ 22 ಎಂದರೆ ಲೆಕ್ಕಕ್ಕೆ ಸುಮಾರು ಎಫ್ 44. ಅಷ್ಟು ಸಣ್ಣ ಕಿಂಡಿಯಲ್ಲಿ ಬೆಳಕು ಹರಡಿ ವಿವರ ಕರಗುತ್ತದೆ. ಎಲೆಯೇ ಗಾಳಿಗೆ ಅಲುಗುವಾಗ ಟ್ರೈಪಾಡ್ ಏನು ಮಾಡೀತು? ಆಟೋಫೋಕಸ್ ಸುಮ್ನೆ ಹಿಂದೆ ಮುಂದೆ ಓಡಾಡಿತು. ಐಎಸ್‌ಒ (ಬೆಳಕಿಗೆ ಸೆನ್ಸರ್ ತೋರುವ ಸೂಕ್ಷ್ಮತೆ) 3200ರಲ್ಲಿ ಬರೀ ನಾಯ್ಸ್, ಅಂದರೆ ಕಾಳುಕಾಳು.

ಕೆಲಸ ಮಾಡಿದ್ದು ಫ್ಲ್ಯಾಶ್. ಕ್ಯಾಮೆರಾ ಮ್ಯಾನುಯಲ್ ಮೋಡ್‌ನಲ್ಲಿ: ಎಫ್ 11, 1/200 ಸೆಕೆಂಡು, ಐಎಸ್‌ಒ 200. ಮೊದಲು ಫ್ಲ್ಯಾಶ್ ಆಫ್ ಮಾಡಿ ಒಂದು ಫೋಟೋ ತೆಗೆಯಿರಿ. ಅದು ಹೆಚ್ಚುಕಡಿಮೆ ಕಪ್ಪಾಗಿಯೇ ಬರಬೇಕು. ಬರದಿದ್ದರೆ ಹೊರಗಿನ ಬೆಳಕು ಅಲುಗಾಟವನ್ನೂ ಹಿಡಿಯುತ್ತಿದೆ ಎಂದರ್ಥ. ಬಿಸಿಲಿದ್ದರೆ ಕೊಡೆ ಅಡ್ಡ ಹಿಡಿಯಿರಿ. ಆಮೇಲೆ ಫ್ಲ್ಯಾಶ್ ಹಾಕಿ, ಅದನ್ನೂ ಮ್ಯಾನುಯಲ್‌ನಲ್ಲೇ ಪೂರ್ತಿ ಶಕ್ತಿಯ 1/16ಕ್ಕೆ ಇಡಿ. ಈ ಶಕ್ತಿಯಲ್ಲಿ ಅದು ಮಿಂಚುವುದು ಸೆಕೆಂಡಿನ ಸಾವಿರದಲ್ಲೊಂದು ಪಾಲಿಗಿಂತಲೂ ಕಡಿಮೆ ಹೊತ್ತು. ಅಲುಗಾಟ ಕಾಣುವುದೇ ಇಲ್ಲ. ಡಿಫ್ಯೂಸರ್ (ಫ್ಲ್ಯಾಶ್ ಬೆಳಕನ್ನು ಮೃದು ಮಾಡುವ ಪರದೆ) ಕೀಟಕ್ಕೆ ಆದಷ್ಟು ಹತ್ತಿರ, ಅಗಲವಾಗಿ ಇರಲಿ. ಇಲ್ಲದಿದ್ದರೆ ಜೀರುಂಡೆಯ ಬೆನ್ನ ಮೇಲೆ ಬಿಳಿ ಚುಕ್ಕೆ ಗ್ಯಾರಂಟಿ.

ಫೋಕಸ್ ರಿಂಗ್ 1:1ಕ್ಕೆ ಇಟ್ಟ ಮೇಲೆ ಮುಟ್ಟಬೇಡಿ. ಮೊಣಕೈ ಊರಿ, ಮೈಯನ್ನೇ ನಿಧಾನವಾಗಿ ಮುಂದೆ ತನ್ನಿ, ಕಣ್ಣು ಚೂಪಾಗುತ್ತಲೇ ಒತ್ತಿ. ಫ್ಲ್ಯಾಶ್ ಮತ್ತೆ ತಯಾರಾಗಲು ಬಿಟ್ಟು ಇನ್ನೊಂದು. ಫೋಟೋ ಕಪ್ಪೆನಿಸಿದರೆ ಫ್ಲ್ಯಾಶನ್ನು 1/8ಕ್ಕೆ ಏರಿಸಿ, ಎಫ್ 11 ಹಾಗೇ ಇರಲಿ.