ಘಾಟಿಗೆ ಕಿಲೋಮೀಟರ್ ಲೆಕ್ಕ ಸಾಲದು

'ಒಂದು ಸಲ ಚಾರ್ಜ್ ಮಾಡಿದ್ರೆ ಎಷ್ಟು ಓಡತ್ತೆ?' ಎಲೆಕ್ಟ್ರಿಕ್ ಕಾರು ಕೊಳ್ಳಲು ಹಿಂಜರಿಯುವವರೆಲ್ಲ ಮೊದಲು ಕೇಳುವುದು ಇದನ್ನೇ. ಮಲೆನಾಡಿನಲ್ಲಿ ಇದಕ್ಕೆ ಒಂದೇ ಉತ್ತರವಿಲ್ಲ. ಕಿಲೋಮೀಟರ್ ಬಿಟ್ಟು ಯೂನಿಟ್ (ಕರೆಂಟ್ ಬಿಲ್ಲಿನಲ್ಲಿ ಬರುವ ಅದೇ ಯೂನಿಟ್) ಲೆಕ್ಕ ಹಿಡಿದ ಮೇಲೆ ನನಗೆ ನಡುದಾರಿಯ ಹೆದರಿಕೆ ಹೋಯಿತು.

ನನ್ನ ಬ್ಯಾಟರಿ 30 ಯೂನಿಟ್‌ನದು. 60ರ ವೇಗದಲ್ಲಿ ಹೋದರೆ 100 ಕಿ.ಮೀ.ಗೆ 13 ಯೂನಿಟ್ ಸಾಕು. ಜನ, ಸಾಮಾನು ಸೇರಿ ಒಂದೂವರೆ ಟನ್ ತೂಗುವ ಕಾರು 100 ಮೀಟರ್ ಎತ್ತರ ಹತ್ತಲು ಇನ್ನೂ ಅರ್ಧ ಯೂನಿಟ್ ಬೇಕು. ಇಳಿಜಾರಿನಲ್ಲಿ ಮೋಟಾರೇ ಕರೆಂಟ್ ಹುಟ್ಟಿಸಿ ಬ್ಯಾಟರಿಗೆ ತುಂಬುತ್ತದೆ; ಹೀಗೆ ಅದರ ಅರ್ಧದಷ್ಟು ವಾಪಸ್ ಬರುತ್ತದೆಂದು ಹಿಡಿಯುತ್ತೇನೆ.

ಶಿವಮೊಗ್ಗದಿಂದ ಆಗುಂಬೆ ಘಾಟಿ ಇಳಿದು ಅದರ ಬುಡದ ಸೋಮೇಶ್ವರಕ್ಕೆ ಸುಮಾರು 105 ಕಿ.ಮೀ. ತುಂಬಿದ ಬ್ಯಾಟರಿಯಲ್ಲಿ ಹೊರಟರೆ, ಇಳಿಜಾರಿನಲ್ಲಿ ವಾಪಸ್ ಬಂದದ್ದೂ ಸೇರಿ, ಅಲ್ಲಿ 17 ಯೂನಿಟ್ ಉಳಿಯುತ್ತದೆ. ವಾಪಸ್ ಬರುವಾಗ ಘಾಟಿಯ ಐನೂರಕ್ಕೂ ಹೆಚ್ಚು ಮೀಟರ್ ಏರಿಗೇ ಮೂರು ಯೂನಿಟ್ ಹೋಗುತ್ತದೆ. ತೀರ್ಥಹಳ್ಳಿ ತಲುಪಿದಾಗ ಉಳಿಯುವುದು ಎಂಟೂವರೆ. ಶಿವಮೊಗ್ಗಕ್ಕೆ ಬೇಕಾದ್ದು ಎಂಟು. 'ಸಾಕಲ್ಲ' ಎಂದು ಹೊರಡಬಾರದು. ಒದ್ದೆ ರಸ್ತೆ, ಗಾಜಿನ ಮಂಜು ತೆಗೆಯಲು ಹಾಕುವ ಎಸಿ, ಗಾಳಿ ಕಡಿಮೆಯಾದ ಟೈರು, ಇಷ್ಟೇ ಸಾಕು ಆ ಅರ್ಧ ಯೂನಿಟ್ ನುಂಗಲು. ತೀರ್ಥಹಳ್ಳಿಯಲ್ಲಿ ಆರು ಯೂನಿಟ್ ತುಂಬಿಸಿಯೇ ಮುಂದೆ ಹೊರಡುತ್ತೇನೆ.

ಘಾಟಿ ಹತ್ತುವಾಗ ಪರದೆಯ ಕಿಲೋಮೀಟರ್ ಅಂಕಿ ದಡದಡನೆ ಇಳಿಯುತ್ತದೆ. ಈಗಷ್ಟೇ ಖರ್ಚಾದದ್ದನ್ನು ನೋಡಿ ಅದು ಮುಂದಿನದನ್ನು ಊಹಿಸುವುದು. ಹೊಸಬರು ಹೆದರುವುದು ಅಲ್ಲೇ. ಅದರ ಬದಲು ಬ್ಯಾಟರಿಯ ಶೇಕಡಾ ಅಂಕಿ ನೋಡಿ: ನನ್ನ ಕಾರಿನಲ್ಲಿ ಒಂದು ಶೇಕಡಾ ಅಂದರೆ 0.3 ಯೂನಿಟ್. ಆಗುಂಬೆಯಲ್ಲೇ ಉಳಿದವರು ಬ್ಯಾಟರಿ ಪೂರ್ತಿ ತುಂಬಿಸಿಕೊಂಡು ಘಾಟಿ ಇಳಿಯಬೇಡಿ. ವಾಪಸ್ ಬರುವ ಕರೆಂಟಿಗೆ ಜಾಗವಿರುವುದಿಲ್ಲ, ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ. ಶೇಕಡಾ 85ಕ್ಕೆ ನಿಲ್ಲಿಸಿ.

ನೆಂಟರ ಮನೆಯ 15 ಆ್ಯಂಪ್ ಸಾಕೆಟ್ಟೂ ಸಾಕು, ಅರ್ತಿಂಗ್ ಸರಿಯಿದ್ದರೆ. ಜಂಬಿಟ್ಟಿಗೆ ನೆಲ ಬೇಸಿಗೆಯಲ್ಲಿ ಒಣಗಿದಾಗ ಅರ್ತ್ ಸೋಲುತ್ತದೆ, ಚಾರ್ಜರ್ ಕೆಂಪು ದೀಪ ತೋರಿಸಿ ನಿಲ್ಲುತ್ತದೆ. ಅರ್ತ್ ಗುಂಡಿಗೆ ನಾಲ್ಕು ಕೊಡ ನೀರು ಹೊಯ್ದರೆ ಎಷ್ಟೋ ಸಲ ಸರಿಹೋಗುತ್ತದೆ. ಚಾರ್ಜ್ ಶುರುವಾಗಿ ಅರ್ಧ ಗಂಟೆ ಬಿಟ್ಟು ಪ್ಲಗ್ ಮುಟ್ಟಿ ನೋಡಿ. ಕೈ ಸುಡುವಂತಿದ್ದರೆ ಸಾಕೆಟ್ ಸಡಿಲವಾಗಿದೆ, ಕೂಡಲೇ ತೆಗೆಯಿರಿ. 15 ಆ್ಯಂಪ್ ಪ್ಲಗ್ಗನ್ನು 6 ಆ್ಯಂಪ್ ಸಾಕೆಟ್ಟಿಗೆ ಸಿಕ್ಕಿಸುವ ಕನ್ವರ್ಟರ್ ಮಾತ್ರ ಬೇಡವೇ ಬೇಡ, ಕರಗಿಹೋಗುತ್ತದೆ.

ಮಳೆಗಾಲದಲ್ಲಿ ಚಾರ್ಜರ್ ಹುಡುಕುವ ಆ್ಯಪ್ 'ಸಿಗುತ್ತದೆ' ಎಂದು ಹಸಿರು ತೋರಿಸಿದರೂ ನಾನು ನಂಬುವುದಿಲ್ಲ. ಲೈನಿನ ಮೇಲೆ ಮರ ಬಿದ್ದರೆ ಊರಿಗೂರೇ ಕತ್ತಲು. ಹೊರಡುವ ಮೊದಲೇ ಚಾರ್ಜರ್ ಇರುವ ಹೋಟೆಲಿಗೆ ಫೋನ್ ಮಾಡಿ 'ಕರೆಂಟ್ ಇದ್ಯಾ ಮಾರಾಯ್ರೆ?' ಎಂದು ಕೇಳಿಕೊಳ್ಳುತ್ತೇನೆ.