ಕಬ್ಬಿನ ಜೋಡಿ ಟ್ರೇಲರಿಗೆ ಲೈಟು: ಎರಡು ಹಂಗಾಮು ತಾಳಿದ ವೈರಿಂಗ್

ಮುಧೋಳ, ಜಮಖಂಡಿ ಕಡೆ ಕಬ್ಬು ಹೇರುವ ಜೋಡಿ ಟ್ರೇಲರಿಗೆ ಲೈಟು ನಿಲ್ಲೋದಿಲ್ಲ ಅಂತ ನಮ್ಮ ವೈರಿಂಗ್ ಕೆಲಸದವರೇ ಹೇಳುತ್ತಾರೆ. "ಹದಿನೈದು ದಿನಕ್ಕ ಕಿತ್ತು ಬರ್ತಾವು, ರೇಡಿಯಂ ಅಂಟಿಸಿ ಬಿಡ್ರಿ" ಎಂದವರೇ ಹೆಚ್ಚು. ನಾನು ಮಾಡಿದ ವೈರಿಂಗ್ ಎರಡು ಹಂಗಾಮು ಮುಗಿಸಿದೆ. ಅಷ್ಟರಲ್ಲಿ ಬದಲಿಸಿದ್ದು ಹಿಂದಿನ ಟ್ರೇಲರಿನ ಬಲಗಡೆಯ ಲ್ಯಾಂಪು ಒಂದೇ.

ಮೊದಲ ಸಲ ಕೆಟ್ಟದ್ದು ಲ್ಯಾಂಪಲ್ಲ, ಅರ್ತಿಂಗ್, ಅಂದರೆ ಕರೆಂಟು ಬ್ಯಾಟರಿಯ ಮೈನಸ್ಸಿಗೆ ವಾಪಸು ಹೋಗುವ ದಾರಿ. ಎಲ್ಲರಂತೆ ನಾನೂ ಟ್ರೇಲರನ್ನು ಟ್ರ್ಯಾಕ್ಟರಿಗೆ ಸಿಕ್ಕಿಸುವ ಹಿಚ್ ಪಿನ್ನಿನ ಮೂಲಕವೇ ಅರ್ತಿಂಗ್ ಸಿಗುತ್ತದೆ ಎಂದು ಬಿಟ್ಟಿದ್ದೆ. ಪಿನ್ನಿಗೆ ಗ್ರೀಸು, ತುಕ್ಕು, ಮೇಲೆ ಒಂದಿಷ್ಟು ಆಟ. ಟ್ರೇಲರ್ ಜಗ್ಗಿದಾಗ ಲೈಟು ಬರುತ್ತದೆ, ಇಳಿಜಾರಿನಲ್ಲಿ ಹೋಗುತ್ತದೆ. ಬ್ರೇಕ್ ಒತ್ತಿದರೆ ಎಡಗಡೆಯ ಇಂಡಿಕೇಟರ್ ಮಂದವಾಗಿ ಉರಿಯುತ್ತದೆ. ಹೀಗಾದರೆ ಬಲ್ಬು, ಸ್ವಿಚ್ಚು ಬಿಚ್ಚಬೇಡಿ. ಕರೆಂಟಿಗೆ ವಾಪಸು ದಾರಿ ಸಿಗದೆ ಬೇರೆ ಬಲ್ಬಿನ ಒಳಗಿಂದ ಹೋಗುತ್ತಿದೆ ಎಂದೇ ಅರ್ಥ.

ಎರಡನೇ ಸಲ ಅರ್ತಿಂಗಿಗೆ ಬೇರೆ ವೈರ್ ಎಳೆದೆ, ಆದರೆ ಅರ್ಧ ಎಂಎಂದು (ವೈರಿನ ಎಂಎಂ ಅಂದರೆ ಚದರ ಎಂಎಂ). ಟ್ರ್ಯಾಕ್ಟರಿನ ಸಾಕೆಟ್ಟಿನಿಂದ ಹಿಂದಿನ ಟ್ರೇಲರಿನ ಬಾಲದವರೆಗೆ ಹತ್ತಿರ ಹತ್ತಿರ 14 ಮೀಟರ್. ಎರಡು ಬ್ರೇಕ್ ಬಲ್ಬು 21 ವ್ಯಾಟಿನವು, ಎರಡು ಪಾರ್ಕ್ ಬಲ್ಬು 5 ವ್ಯಾಟಿನವು, ಜೊತೆಗೆ ಒಂದು ಇಂಡಿಕೇಟರ್ 21 ವ್ಯಾಟು, ಒಟ್ಟು 6 ಆಂಪಿಯರ್. ಅರ್ತಿಂಗ್ ವೈರಿನಲ್ಲೇ ಸುಮಾರು 3 ವೋಲ್ಟ್ ಬಿದ್ದುಹೋಗುತ್ತಿತ್ತು, ಬೆಳಕು ಅರ್ಧಕ್ಕಿಂತ ಕಡಿಮೆ. ಎರಡೂವರೆ ಎಂಎಂ ತಾಮ್ರದ ವೈರ್ ಹಾಕಿದ ಮೇಲೆ ಅದೇ ಲೆಕ್ಕ ಅರ್ಧ ವೋಲ್ಟಿನ ಆಸುಪಾಸಿಗೆ ಬಂತು. ಉಳಿದ ವೈರುಗಳಿಗೆ ಒಂದೂವರೆ ಎಂಎಂ ಸಾಕು. ಈ ಎರಡು ಪ್ರಯೋಗಕ್ಕೆ ಕೈಬಿಟ್ಟ ದುಡ್ಡು ಸುಮಾರು 2,500 ರೂಪಾಯಿ, ಕೂಲಿ ಬಿಟ್ಟು.

ಟ್ರೇಲರಿನ ವೈರು ಟ್ರ್ಯಾಕ್ಟರಿಗೆ ಸೇರುವುದು ಏಳು ಪಿನ್ನಿನ ಪ್ಲಗ್ಗಿನಿಂದ. ಈ ಸೆವೆನ್ ಪಿನ್ ಜೋಡಣೆ ಗೊತ್ತಿದ್ದವರೂ ಕೈಗೆ ಬಂದ ಹಾಗೆ ಹಾಕುತ್ತಾರೆ. ಹಂಗಾಮಿನಲ್ಲಿ ಒಬ್ಬರ ಟ್ರೇಲರ್ ಇನ್ನೊಬ್ಬರ ಟ್ರ್ಯಾಕ್ಟರಿಗೆ ಹೋಗುವುದು ದಿನದ ಮಾತು. ಆಗ ಬ್ರೇಕ್ ಒತ್ತಿದರೆ ಇಂಡಿಕೇಟರ್ ಉರಿಯುತ್ತದೆ. ಅದಕ್ಕೆ ನಾನು ಸ್ಟ್ಯಾಂಡರ್ಡ್ ಬಿಡುವುದಿಲ್ಲ: 1 ಎಡ ಇಂಡಿಕೇಟರ್ ಹಳದಿ, 2 ಫಾಗ್ ನೀಲಿ, 3 ಅರ್ತಿಂಗ್ ಬಿಳಿ, 4 ಬಲ ಇಂಡಿಕೇಟರ್ ಹಸಿರು, 5 ಬಲ ಪಾರ್ಕ್ ಕಂದು, 6 ಬ್ರೇಕ್ ಕೆಂಪು, 7 ಎಡ ಪಾರ್ಕ್ ಕಪ್ಪು. ಫಾಗ್ ಲೈಟು ನಮಗೆ ಬೇಕಿಲ್ಲವಲ್ಲ ಎಂದು 2ನೇ ಪಿನ್ನನ್ನು ಎರಡನೇ ಅರ್ತಿಂಗಾಗಿ ಬಳಸಿ ನೋಡಿದೆ. ಬೆಳಕೇನೋ ಚೆನ್ನಾಗಿ ಬಂತು. ಆದರೆ ಆ ಟ್ರೇಲರನ್ನು 2ನೇ ಪಿನ್ನಿಗೆ ಪ್ಲಸ್ ಕೊಟ್ಟಿದ್ದ ಇನ್ನೊಂದು ಟ್ರ್ಯಾಕ್ಟರಿಗೆ ಸಿಕ್ಕಿಸಿದ ಕೂಡಲೇ ಫ್ಯೂಸ್ ಹಾರಿತು. ಆ ಪಿನ್ನು ಖಾಲಿ ಬಿಡಿ.

ಪ್ಲಾಸ್ಟಿಕ್ ಪ್ಲಗ್ಗು 80 ರೂಪಾಯಿಗೆ ಸಿಗುತ್ತದೆ, ಒಂದೇ ತಿಂಗಳಲ್ಲಿ ಪಿನ್ನು ಸಡಿಲಾಗಿ ಕಾದು ಕರಗುತ್ತದೆ. ಲೋಹದ ಪ್ಲಗ್ಗು, ಸಾಕೆಟ್ಟು ಜೋಡಿಗೆ ನನಗೆ 350ರ ಮೇಲೆ ಬಿತ್ತು. ಸಾಕೆಟ್ಟಿನ ಮುಚ್ಚಳದ ಸ್ಪ್ರಿಂಗು ಗಟ್ಟಿ ಇರಬೇಕು, ನೀರು ಇಳಿಯುವ ತೂತು ಕೆಳಗಡೆ ಬರುವ ಹಾಗೆ ಕೂರಿಸಬೇಕು. ಪಿನ್ನಿಗೆ ಪೆಟ್ರೋಲಿಯಂ ಜೆಲ್ಲಿ ತೆಳ್ಳಗೆ ಸವರಿದರೆ ಹಸಿರು ಹಿಡಿಯುವುದಿಲ್ಲ. ವೈರ್ ತಿರುವಿ ಟೇಪು ಸುತ್ತಿದ ಜೋಡು ನಮ್ಮ ಧೂಳಿಗೆ, ಇಬ್ಬನಿಗೆ ನಿಲ್ಲುವುದಿಲ್ಲ. ಎಲ್ಲ ಕಡೆ ವೈರಿನ ತುದಿಗೆ ಲಗ್ (ಲೋಹದ ಟೊಪ್ಪಿಗೆ) ಒತ್ತಿ, ಮೇಲೆ ಕಾಯಿಸಿದರೆ ಬಿಗಿಯುವ ಹೀಟ್ ಶ್ರಿಂಕ್ ಸ್ಲೀವು. ಅರ್ತಿಂಗ್ ಲಗ್ ಕೂರುವ ಜಾಗದಲ್ಲಿ ಬಣ್ಣ ಕೆರೆದು ಬೆಳ್ಳಗೆ ಲೋಹ ಕಾಣಬೇಕು, ಬೋಲ್ಟು ಬಿಗಿದ ಮೇಲೆ ಮತ್ತೆ ಬಣ್ಣ.

ಎಲ್‌ಇಡಿ ವಿಷಯದಲ್ಲೂ ದುಡ್ಡು ಕಳೆದಿದ್ದೇನೆ. ಬರೀ 12 ವೋಲ್ಟಿನವು ಹಳೆಯ ಟ್ರ್ಯಾಕ್ಟರಿನ ಆಲ್ಟರ್ನೇಟರ್ ಏರಿಳಿತಕ್ಕೆ ನಾಲ್ಕೂ ಸತ್ತವು. 10ರಿಂದ 30 ವೋಲ್ಟ್ ಎಂದು ಬರೆದವು ಉಳಿದವು. ಎಲ್‌ಇಡಿ ಹಾಕಿದರೆ ಇಂಡಿಕೇಟರ್ ಮಿಟುಕಿಸುವ ಹಳೆಯ ಫ್ಲಾಷರಿಗೆ ಲೋಡು ಸಾಲದೆ ಮಿಟುಕುವ ಲೆಕ್ಕ ತಪ್ಪುತ್ತದೆ, ಎಲೆಕ್ಟ್ರಾನಿಕ್ ಫ್ಲಾಷರ್ ಬೇಕು. ಅಯಸ್ಕಾಂತದ ಬ್ಯಾಟರಿ ಲೈಟನ್ನೂ ಪರೀಕ್ಷಿಸಿದೆ. ಖಾಲಿ ಟ್ರೇಲರ್ ಹಾರುವ ರಸ್ತೆಯಲ್ಲಿ ಅದು ಎರಡನೇ ದಿನಕ್ಕೇ ಎಲ್ಲೋ ಬಿತ್ತು.

ವೈರ್ ಹರಿಯುವುದು ಎರಡು ಕಡೆ. ಒಂದು, ಹುಕ್ಕಿನ ಹತ್ತಿರ. ಟ್ರ್ಯಾಕ್ಟರನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ ನಿಲ್ಲಿಸಿ ಅಳತೆ ತೆಗೆಯಿರಿ, ಅದರ ಮೇಲೆ ಒಂದು ಗೇಣು ಸಡಿಲು ಬಿಡಿ. ಆ ಸಡಿಲು ನೆಲಕ್ಕೆ ತಾಗದ ಹಾಗೆ ನಾನೊಂದು ಸ್ಪ್ರಿಂಗ್ ಕಟ್ಟುತ್ತೇನೆ, ಅದರ ರೀತಿ ನನ್ನ ಹತ್ತಿರವೇ ಇರಲಿ. ಎರಡು, ಚಾಸಿ ಕೆಳಗೆ ರವದಿ (ಕಬ್ಬಿನ ಒಣ ಎಲೆ) ಸಿಕ್ಕು ಜಗ್ಗುವ ಕಡೆ. ಕೇಬಲ್ಲನ್ನು ಚಾಸಿಯ ಕೆಳಗೆ ಕಟ್ಟದೆ ಚಾನಲ್ಲಿನ ಒಳಮಗ್ಗುಲಲ್ಲಿ ಫ್ಲೆಕ್ಸಿಬಲ್ ಪೈಪಿನೊಳಗೆ ಎಳೆದು, ಒಂದೊಂದು ಅಡಿಗೆ ಕ್ಲಾಂಪು ಹಾಕಿದೆ. ಲ್ಯಾಂಪಿನ ಸುತ್ತ ಆಂಗಲ್ಲಿನ ಗೂಡು ವೆಲ್ಡಿಂಗ್ ಮಾಡಿಸಿದೆ. ಗೂಡಿಲ್ಲದ ಲ್ಯಾಂಪು ಕಾರ್ಖಾನೆಯಲ್ಲಿ ಕಬ್ಬು ಇಳಿಸುವಾಗಲೇ ಒಡೆಯುತ್ತದೆ. ಬದಲಿಸಿದೆ ಎಂದೆನಲ್ಲ, ಆ ಬಲಗಡೆಯದು ಗೂಡಿನ ವೆಲ್ಡಿಂಗ್ ಬಿಟ್ಟದ್ದಕ್ಕೆ ಹೋಯಿತು. ಇಲಿ ಕಡಿಯದ ಹಾಗೆ ಪೈಪಿಗೆ ಸವರುವುದು ಒಂದಿದೆ, ಅದನ್ನೂ ಇಲ್ಲಿ ಬರೆಯುವುದಿಲ್ಲ.

ಎರಡೂ ಟ್ರೇಲರ್ ಸೇರಿ ಸಾಮಾನಿಗೆ ಒಟ್ಟು 6,000 ಆಸುಪಾಸು ಬಿತ್ತು, ಅದರಲ್ಲಿ ಅರ್ಧ ಕೇಬಲ್ಲಿಗೇ. ರೇಡಿಯಂ ಬೇಡ ಎಂದಲ್ಲ. ಟ್ರೇಲರ್ ಬಿಚ್ಚಿ ರಸ್ತೆ ಬದಿ ನಿಲ್ಲಿಸಿದಾಗ ಲೈಟಿಗೆ ಕರೆಂಟೇ ಇರುವುದಿಲ್ಲ. ಹಿಂದೆ ಕೆಂಪು, ಮಗ್ಗುಲಿಗೆ ಹಳದಿ ಅಂಟಿಸಿ, ಮೇಲೆ ಜೋತ ಕಬ್ಬು ಅದನ್ನು ಮುಚ್ಚದಷ್ಟು ಕೆಳಗೆ.

ಕೆಲಸ ಮುಗಿದ ಮೇಲೆ ಪಾರ್ಕ್, ಬ್ರೇಕ್, ಇಂಡಿಕೇಟರ್ ಎಲ್ಲ ಒಟ್ಟಿಗೆ ಹಾಕಿಸಿ. ಮೀಟರಿನ ಒಂದು ತುದಿ ಹಿಂದಿನ ಲ್ಯಾಂಪಿನ ಅರ್ತಿಂಗಿಗೆ, ಇನ್ನೊಂದು ಬ್ಯಾಟರಿಯ ಮೈನಸ್ಸಿಗೆ. ಬಲ್ಬಿದ್ದರೆ ಒಂದು ವೋಲ್ಟ್ ದಾಟಬಾರದು, ಎಲ್‌ಇಡಿ ಇದ್ದರೆ 0.2 ಕೂಡ ಜಾಸ್ತಿಯೇ. ದಾಟಿದರೆ ಮೊದಲು ಪ್ಲಗ್ಗಿನ 3ನೇ ಪಿನ್ನು ಬಿಚ್ಚಿ ನೋಡಿ.